ನನ್ನ ಕಾಲೂ ಟೀಮಿನ ವೇಗವೂ

ಲೋಕದಲ್ಲಿ ಕೆಲಸ ಮಾಡುವವರು ಕೆಲವರು, ಕೆಲಸ ಎಲ್ಲಿಗೆ ಬಂತು ಎಂದು ಕೇಳುವವರು ಕೆಲವರು. ನಾನು ಹುಟ್ಟಿನಿಂದಲೇ ಎರಡನೆಯ ಗುಂಪಿನವನು. ನಮ್ಮ ಕಡೆಯ ಮದುವೆಮನೆಗಳಲ್ಲಿ ಹೆಗಲಿಗೊಂದು ಟವೆಲ್ ಹಾಕಿಕೊಂಡು ಓಡಾಡುವ ಮಾವ ಒಬ್ಬ ಇರುತ್ತಾನಲ್ಲ, ಅವನನ್ನು ನೀವು ನೋಡಿಯೇ ಇರುತ್ತೀರಿ. ಅಡುಗೆಯವರ ಹತ್ತಿರ ಹೋಗಿ "ಸಾರು ಆಯ್ತಾ" ಎನ್ನುತ್ತಾನೆ, ಬಡಿಸುವವರ ಹತ್ತಿರ ಹೋಗಿ "ಎಲೆ ಹಾಕಿದ್ರಾ" ಎನ್ನುತ್ತಾನೆ, ಪುರೋಹಿತರ ಕಿವಿಯ ಹತ್ತಿರ ಬಗ್ಗಿ "ಇನ್ನೆಷ್ಟು ಹೊತ್ತು" ಎಂದು ಕೇಳಿ ಮಂತ್ರ ತಪ್ಪಿಸುತ್ತಾನೆ. ಬೆಳಗಿನಿಂದ ಒಂದು ಸೌಟನ್ನೂ ಎತ್ತಿಟ್ಟಿರುವುದಿಲ್ಲ. ಆದರೂ ಸಂಜೆ ಎಲ್ಲರಿಗಿಂತ ಹೆಚ್ಚು ಬೆವರಿ, ಕುರ್ಚಿಗೆ ಒರಗಿ, "ನಾನೊಬ್ಬ ಇಲ್ದೇ ಹೋಗಿದ್ರೆ ಇವತ್ತು ಮರ್ಯಾದೆ ಹೋಗ್ತಿತ್ತು" ಎನ್ನುತ್ತಾನೆ. ಇಂಥ ಮಾವಂದಿರನ್ನು ಮದುವೆಮನೆಯಲ್ಲಿ ಊಟ ಹಾಕಿ ಕಳಿಸುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಂಬಳ ಕೊಟ್ಟು ಇಟ್ಟುಕೊಂಡು ಸ್ಕ್ರಮ್ ಮಾಸ್ಟರ್ ಎಂದು ಕರೆಯುತ್ತಾರೆ. ನಾನು ಮೂಡಿಗೆರೆಯಲ್ಲಿ ಅಂಥ ಒಬ್ಬ ಸ್ಕ್ರಮ್ ಮಾಸ್ಟರ್.

ಮೂಡಿಗೆರೆಯಲ್ಲಿ ಸಾಫ್ಟ್‌ವೇರ್ ಆಫೀಸೇ ಎಂದು ನಗಬೇಡಿ. ಬೆಂಗಳೂರಿನ ಒಂದು ಸಣ್ಣ ಕಂಪನಿ, ಇಲ್ಲಿ ಬಾಡಿಗೆ ಕಡಿಮೆ, ಊರಿನ ಹುಡುಗರು ಕೆಲಸ ಬಿಟ್ಟು ಓಡುವುದಿಲ್ಲ, ಫ್ಯಾನೂ ಬೇಕಾಗಿಲ್ಲ ಎಂಬ ಲೆಕ್ಕಾಚಾರದಲ್ಲಿ ಒಂದು ಶಾಖೆ ತೆರೆದಿದೆ. ಪದ್ದಕ್ಕ ಎಂಬ ಹಿರಿಯರ ಮನೆಯ ಮಹಡಿಯ ಮೇಲೆ ನಮ್ಮ ಆಫೀಸು. ಹೋಮ್‌ಸ್ಟೇಗಳಲ್ಲಿ ರೂಮು ಕಾದಿರಿಸುವ ಸಾಫ್ಟ್‌ವೇರ್ ನಮ್ಮದು. ಅದನ್ನು ಒಂದೇ ಸಲ ಕಟ್ಟಿ ಮುಗಿಸುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಕಟ್ಟುತ್ತೇವೆ. ತೋಟದವರಿಗೆ ಇದನ್ನು ವಿವರಿಸುವುದು ಸುಲಭ. ಕಾಫಿ ಒಂದೇ ಸಲ ಹಣ್ಣಾಗುವುದಿಲ್ಲ. ಹಣ್ಣಾದಷ್ಟನ್ನು ಕುಯ್ದು, ಹಸಿರುಕಾಯಿಯನ್ನು ಗಿಡದಲ್ಲೇ ಬಿಟ್ಟು, ಕೆಲವು ದಿನ ಬಿಟ್ಟು ಮತ್ತೊಂದು ಸುತ್ತು ಬರುತ್ತಾರೆ. ನಮ್ಮದೂ ಹಾಗೇ, ಎರಡು ವಾರಕ್ಕೊಂದು ಸುತ್ತು. ಆ ಸುತ್ತಿಗೆ ಸ್ಪ್ರಿಂಟ್ ಎಂದು ಹೆಸರು. ಸ್ಪ್ರಿಂಟ್ ಎಂದರೆ ಜೀವ ಬಿಟ್ಟು ಓಡುವುದಂತೆ. ಎರಡು ವಾರ ಜೀವ ಬಿಟ್ಟು ಓಡಿ, ಮುಗಿದ ಮರುದಿನವೇ ಇನ್ನೆರಡು ವಾರ ಓಡಬೇಕು ಎಂಬುದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ನಮ್ಮ ಕಡೆಯ ಏರು ಹತ್ತಿದವನಂತೂ ಅಲ್ಲ. ಪ್ರತಿ ಸುತ್ತಿನಲ್ಲಿ ಎಷ್ಟು ಕೆಲಸ ಮುಗಿಯಿತು ಎಂಬುದಕ್ಕೆ ಟೀಮಿನ ವೇಗ ಎನ್ನುತ್ತಾರೆ. ಅದನ್ನು ಒಂದೊಂದು ಕಂಬವಾಗಿ ಚಿತ್ರ ಬರೆದು ಬೆಂಗಳೂರಿಗೆ ಕಳಿಸುವುದು ನನ್ನ ಕರ್ತವ್ಯ.

ಟೀಮು ದೊಡ್ಡದೇನಲ್ಲ. ಆಲ್ದೂರಿನಿಂದ ಬೈಕಿನಲ್ಲಿ ಬರುವ ಪ್ರಜ್ವಲ್, ಬರೆದದ್ದರಲ್ಲಿ ತಪ್ಪು ಹುಡುಕುವ ನಯನಾ, ಹೆಡ್‌ಫೋನ್ ಹಾಕಿಕೊಂಡು ಕೂತರೆ ಭೂಕಂಪವಾದರೂ ಏಳದ ಇನ್ನಿಬ್ಬರು, ಮತ್ತು ಇವರೆಲ್ಲರ ಬೆನ್ನ ಹಿಂದೆ ನಾನು. ಬೆನ್ನ ಹಿಂದೆ ಎಂದದ್ದು ಮಾತಿಗಲ್ಲ. ನನ್ನ ಕುರ್ಚಿಯನ್ನು ನಾನು ಹಾಕಿಕೊಂಡದ್ದೇ ಎಲ್ಲರ ಸ್ಕ್ರೀನೂ ಕಾಣುವ ಜಾಗದಲ್ಲಿ. ಗಂಟೆಗೊಮ್ಮೆ ಎದ್ದು, ಒಬ್ಬೊಬ್ಬರ ಹಿಂದೆ ನಿಂತು, "ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದೆ. ಪ್ರಜ್ವಲ್ ತಿರುಗಿ ನೋಡದೆ "ತೊಂಬತ್ತು ಪರ್ಸೆಂಟ್ ಆಯ್ತು ಸಾರ್" ಎನ್ನುತ್ತಿದ್ದ. ಮತ್ತೊಂದು ಗಂಟೆ ಬಿಟ್ಟು ಕೇಳಿದರೂ ತೊಂಬತ್ತೇ. ಮರುದಿನ ಕೇಳಿದರೂ ತೊಂಬತ್ತೇ. ಉಳಿದ ಹತ್ತು ಪರ್ಸೆಂಟಿಗೆ ಏನು ಅಡ್ಡಿ ಎಂದು ತಿಳಿಯಲು ನಾನು ಒಂದು ಮೀಟಿಂಗ್ ಕರೆಯುತ್ತಿದ್ದೆ.

ಇದಲ್ಲದೆ ದಿನಾ ಬೆಳಿಗ್ಗೆ ಒಂದು ಮೀಟಿಂಗ್ ಇದೆ. ಅದನ್ನು ನಿಂತೇ ನಡೆಸಬೇಕು ಎಂದು ಶಾಸ್ತ್ರ. ಕೂತರೆ ಮಾತು ಬೆಳೆಯುತ್ತದೆ, ನಿಂತರೆ ಕಾಲು ನೋಯುತ್ತದೆ, ಆದ್ದರಿಂದ ಬೇಗ ಮುಗಿಯುತ್ತದೆ ಎಂಬ ಯೋಚನೆ. ಆದರೆ ನಮ್ಮ ಕಡೆ ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವುದಕ್ಕಿಂತ ದೊಡ್ಡ ಅವಮಾನ ಇಲ್ಲ. ಸಾಲ ಕೇಳಲು ಬಂದವನಿಗೂ ಮೊದಲು "ಕೂತ್ಕೊಳಿ" ಎಂದು, ಆಮೇಲೆ "ಇಲ್ಲ" ಎನ್ನುತ್ತೇವೆ. ಮೊದಲ ವಾರವೇ ಪದ್ದಕ್ಕ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ನನ್ನ ಕೊರಳಿನ ಕಾರ್ಡಿನಲ್ಲಿ ಮಾಸ್ಟರ್ ಎಂದಿರುವುದರಿಂದ ಅವರು ನನ್ನನ್ನು ಕರೆಯುವುದು ಮೇಷ್ಟ್ರೇ ಎಂದು. "ಅಲ್ಲ ಮೇಷ್ಟ್ರೇ, ಆ ಮಕ್ಳು ಎಂಥ ತಪ್ಪು ಮಾಡಿದ್ವು? ಬೆಳಗಾದ್ರೆ ಸಾಲಾಗಿ ನಿಲ್ಸ್ತೀರಲ್ಲ" ಎಂದರು. ಇದು ಶಿಕ್ಷೆಯಲ್ಲ, ಪದ್ಧತಿ ಎಂದು ನಾನು ವಿವರಿಸಿದೆ. "ಹೌದಾ" ಎಂದು ಕೆಳಗೆ ಹೋದರು. ಮರುದಿನ ಅದೇ ಹೊತ್ತಿಗೆ ಸರಿಯಾಗಿ ಕುರ್ಚಿಗಳೂ ಕಾಫಿಯೂ ಬಂದವು, ಅದರ ಮರುದಿನ ಕಾಫಿಯ ಜೊತೆ ಕಡುಬು. ಕೈಯಲ್ಲಿ ತಟ್ಟೆ ಹಿಡಿದವರನ್ನು ನಿಲ್ಲಿಸಿ ಪ್ರಶ್ನೆ ಕೇಳುವಷ್ಟು ಕಟುಕ ನಾನಲ್ಲ. ಕೂರಿಸಿ, ಕಡುಬು ತಿನ್ನಿಸುತ್ತಾ ಕೇಳುತ್ತಿದ್ದೆ.

ಈ "ಹೌದಾ" ಎಂಬುದರ ಬಗ್ಗೆ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಮಲೆನಾಡಿನಲ್ಲಿ ಯಾರೂ ಯಾರಿಗೂ ಮುಖ ಮುರಿದ ಹಾಗೆ ಮಾತಾಡುವುದಿಲ್ಲ. ದಾಕ್ಷಿಣ್ಯ ನಮಗೆ ಹಾಲಿನ ಜೊತೆ ಬಂದದ್ದು. "ಹೌದಾ" ಎಂದರೆ ನೀನು ಹೇಳಿದ್ದು ಸರಿಯಿಲ್ಲ ಎಂದು ಅರ್ಥ. "ಆಯ್ತು" ಎಂದರೆ ನೀನು ಹೇಳಿದ್ದು ಕಿವಿಗೆ ಬಿತ್ತು ಎಂದಷ್ಟೇ ಅರ್ಥ. "ನೋಡೋಣ" ಎಂದರೆ ಈ ಜನ್ಮದಲ್ಲಿ ಆಗುವುದಿಲ್ಲ. ಇಂಥ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದ ಅಂದಾಜು ಹಾಕುವುದು ಹೇಗೆ, ನೀವೇ ಹೇಳಿ. "ಪ್ರಜ್ವಲ್, ಇದು ಶುಕ್ರವಾರಕ್ಕೆ ಆಗುತ್ತಾ?" ಎಂದರೆ ಅವನು ಕಿಟಕಿಯಾಚೆ ನೋಡಿ "ನೋಡೋಣ ಸಾರ್" ಎನ್ನುತ್ತಿದ್ದ. ನಾನೂ ಇದೇ ನೀರು ಕುಡಿದವನು, ನನಗೆ ಅರ್ಥ ಆಗಬೇಕಿತ್ತು. ಆದರೆ ಬೆಂಗಳೂರಿಗೆ ಕಳಿಸುವ ವರದಿಯಲ್ಲಿ "ನೋಡೋಣ" ಎಂಬ ಖಾನೆ ಇಲ್ಲ. ನಾನು ಶುಕ್ರವಾರ ಎಂದು ತುಂಬಿಸುತ್ತಿದ್ದೆ.

ಹೀಗೆ ಒಂದೊಂದೇ ಶುಕ್ರವಾರ ಕೈತಪ್ಪಿ, ನನ್ನ ಚಿತ್ರದ ಕಂಬಗಳು ಕುಳ್ಳಾಗುತ್ತ ಬಂದವು. ಬೆಂಗಳೂರಿನಿಂದ ಕುಲಕರ್ಣಿ ಸಾಹೇಬರ ಫೋನು ಬಂತು. ಅವರು ಧಾರವಾಡದ ಕಡೆಯವರು, ಮಾತು ಕಡ್ಡಿ ಮುರಿದ ಹಾಗೆ. "ಯಾಕ್ರೀ ವೇಗ ಬರವಲ್ಲತು?" ಎಂದರು. ನಾನು ಕಾರಣಗಳನ್ನು ಹೇಳಿದೆ. ಕರೆಂಟು, ನೆಟ್ಟು, ಹೂಮಳೆ ಬಿದ್ದು ಕಾಫಿ ಅರಳಿದ ದಿನ ತೋಟ ಇದ್ದವರೆಲ್ಲ ಹೂ ನೋಡಲು ಹಾಕಿದ ರಜೆ, ನೆಂಟರ ಮದುವೆಗಳು, ಒಂದು ದಿನ ಆನೆ. "ಆನೀನಾ?" ಎಂದರು. ಹೌದು, ದಾರಿಯಲ್ಲಿ ಆನೆ ನಿಂತಿದ್ದರಿಂದ ಪ್ರಜ್ವಲ್ ಮಧ್ಯಾಹ್ನ ಬಂದ ಎಂದೆ. ವರದಿಯ ಅಡಚಣೆಗಳ ಖಾನೆಯಲ್ಲಿ ನಾನು ಆನೆ ಎಂದು ಬರೆದದ್ದನ್ನು ಅವರು ಯಾವುದೋ ಹೊಸ ತಂತ್ರಜ್ಞಾನ ಎಂದುಕೊಂಡಿದ್ದರಂತೆ. ಆನೆಯನ್ನು ಅಲ್ಲಿಗೇ ಬಿಟ್ಟು, "ನೋಡ್ರಿ, ನಾ ಸಿಟ್ಟಿಲೆ ಹೇಳ್ಲಿಕತ್ತಿಲ್ಲ. ಮ್ಯಾಲಿನವರು ಕೇಳ್ಲಿಕತ್ತಾರ. ಈ ಬ್ಯಾಸಗಿಯೊಳಗ ವೇಗ ಹೆಚ್ಚಾಗಲಿಲ್ಲಂದ್ರ ಮೂಡಿಗೆರಿ ಆಫೀಸ್ ಮುಚ್ಚಿ ಎಲ್ಲಾರ್ನೂ ಬೆಂಗಳೂರಿಗೆ ಕರಸ್ತಾರ" ಎಂದರು.

ಬೆಂಗಳೂರಿನಲ್ಲಿ ಹಲವು ವರ್ಷ ಇದ್ದು, ಸಾಕಾಗಿ ಹಿಂದೆ ಬಂದವನು ನಾನು. ನನ್ನ ಹೆಂಡತಿ ಸುಜಾತಾ ಆಲ್ದೂರಿನ ಹತ್ತಿರ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಟೈಲರಿಂಗ್ ನಡೆಸುತ್ತಾಳೆ. ಸುತ್ತಿನ ತೋಟಗಳಿಂದ ಹೆಂಗಸರು ಅವಳನ್ನೇ ಹುಡುಕಿಕೊಂಡು ಬರುತ್ತಾರೆ, ಆ ಗಿರಾಕಿಯನ್ನು ಬಿಟ್ಟು ಅವಳು ಬರುವುದಿಲ್ಲ. ನಯನಾಳ ಗಂಡನಿಗೆ ಮೂಡಿಗೆರೆಯಲ್ಲೇ ಕೆಲಸ, ಮಗುವನ್ನು ಈಗಷ್ಟೇ ಎಲ್‌ಕೆಜಿಗೆ ಸೇರಿಸಿದ್ದಾರೆ. ಪ್ರಜ್ವಲ್ ಮನೆ ಕಟ್ಟಿಸಲು ಪಾಯ ತೆಗೆಸಿದ್ದಾನೆ. ಎಲ್ಲರನ್ನೂ ಕೂರಿಸಿ ವಿಷಯ ಹೇಳಿದೆ. ಪ್ರಜ್ವಲ್ "ಏನಾದ್ರೂ ಮಾಡ್ಬೇಕು ಸಾರ್" ಎಂದ. ಏನಾದರೂ ಮಾಡಲು ನಾನಿದ್ದೇನಲ್ಲ ಎಂದು ಧೈರ್ಯ ಹೇಳಿದೆ. ಅವರ ಮುಖದಲ್ಲಿ ಧೈರ್ಯವೇನೂ ಕಾಣಲಿಲ್ಲ.

ಏನು ಮಾಡಬೇಕು ಎಂದು ಯೋಚಿಸಿ, ಟೀಮಿನ ಉತ್ಸಾಹ ಹೆಚ್ಚಿಸಲು ಎಲ್ಲರನ್ನೂ ಒಂದು ಶನಿವಾರ ಹತ್ತಿರದ ದೇವರಮನೆ ಎಂಬ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಹುಲ್ಲು ಹಾಸಿನ ಗುಡ್ಡ, ಮೇಲೆ ಮಂಜು, ಕೆಳಗೆ ಕಣಿವೆ. ಉಳಿದವರು ಅದನ್ನು ನೋಡುತ್ತ ಸುಮ್ಮನೆ ನಡೆಯುತ್ತಿದ್ದರು. ಆ ಸುಮ್ಮನಿರುವಿಕೆ ನನಗೆ ಸಹಿಸಲಾಗಲಿಲ್ಲ. ಎಲ್ಲರೂ ಒಟ್ಟಿಗೆ ಸಿಕ್ಕಿದ್ದಾರೆ, ಕಳೆದ ಸ್ಪ್ರಿಂಟಿನಲ್ಲಿ ಏನು ತಪ್ಪಾಯಿತು ಎಂದು ಇಲ್ಲೇ ಚರ್ಚೆ ಮಾಡಿಬಿಡೋಣ ಎಂದು ಎಲ್ಲರ ಮುಂದೆ ಹೋಗಿ, ಅವರ ಕಡೆ ಮುಖ ಮಾಡಿ, ಹಿಮ್ಮುಖವಾಗಿ ನಡೆಯುತ್ತ ಮಾತು ಶುರು ಮಾಡಿದೆ. ಒಬ್ಬೊಬ್ಬರಾಗಿ ಹೇಳಬೇಕು, ಮಧ್ಯೆ ಬಾಯಿ ಹಾಕಬಾರದು ಎಂದು ನಿಯಮವನ್ನೂ ನೆನಪಿಸಿದೆ. ಪ್ರಜ್ವಲನ ಸರದಿ ನಡೆಯುತ್ತಿತ್ತು. ನಯನಾ ಕೈಯೆತ್ತಿ "ಸಾರ್, ಹಿಂದೆ" ಎಂದಳು. "ನಿನ್ನ ಸರದಿ ಬಂದಾಗ ಹೇಳಮ್ಮ" ಎಂದೆ. ಅವಳು ವಿಧೇಯಳಾಗಿ ಕೈ ಇಳಿಸಿದಳು. ನಾನು ಇನ್ನೊಂದು ಹೆಜ್ಜೆ ಹಿಂದಿಟ್ಟೆ.

ಗುಂಡಿ ಆಳದ್ದೇನಲ್ಲ, ದನ ಬಿದ್ದರೂ ಎದ್ದು ಹೋಗುತ್ತಿತ್ತು. ಆದರೆ ನನ್ನ ಎಡಗಾಲಿನ ಪಾದದ ಗಂಟಿನ ಹತ್ತಿರ ಎಲುಬು ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಡಾಕ್ಟರು ಪ್ಲಾಸ್ಟರ್ ಹಾಕಿ, ಹಾಸಿಗೆ ಬಿಟ್ಟು ಏಳಬಾರದು ಎಂದರು. ನನ್ನ ಚಿಂತೆ ಕಾಲಿನದಲ್ಲ. ಆಫೀಸು ಮುಳುಗುವ ಹೊತ್ತಿನಲ್ಲಿ ನಾನೇ ಇಲ್ಲದಿದ್ದರೆ ಹೇಗೆ ಎಂಬುದು. ಫೋನಿನಲ್ಲಾದರೂ ವಿಚಾರಿಸೋಣ ಎಂದರೆ ನಮ್ಮ ಮನೆ ತಗ್ಗಿನಲ್ಲಿದೆ, ನೆಟ್‌ವರ್ಕ್ ಸಿಗಬೇಕಾದರೆ ನೀರಿನ ಟ್ಯಾಂಕಿನ ತನಕ ಏರು ಹತ್ತಬೇಕು. ಪ್ಲಾಸ್ಟರ್ ಕಾಲಿನಲ್ಲಿ ಅದು ಆಗದ ಮಾತು. ಇಡೀ ಸ್ಪ್ರಿಂಟ್ ನಾನು ಹಾಸಿಗೆಯಲ್ಲಿ ಮಲಗಿ, ಪ್ರಜ್ವಲ್ ಈಗ ಎಷ್ಟು ಪರ್ಸೆಂಟಿನಲ್ಲಿರಬಹುದು ಎಂದು ಸೂರು ನೋಡುತ್ತ ಯೋಚಿಸಿದೆ.

ಪ್ಲಾಸ್ಟರ್ ತೆಗೆಸಿ ಕೋಲೂರಿಕೊಂಡು ಆಫೀಸಿಗೆ ಹೋದ ದಿನ ನನಗೆ ಕಂಡದ್ದನ್ನು ನಂಬಲಾಗಲಿಲ್ಲ. ಹಿಡಿದ ಕೆಲಸವೆಲ್ಲ ಮುಗಿದಿತ್ತು. ಅಷ್ಟೇ ಅಲ್ಲ, ಹಿಂದಿನ ಸ್ಪ್ರಿಂಟುಗಳಲ್ಲಿ ತೊಂಬತ್ತು ಪರ್ಸೆಂಟಿನಲ್ಲಿ ಸಿಕ್ಕಿಕೊಂಡಿದ್ದವೂ ಮುಗಿದಿದ್ದವು. ಚಿತ್ರದಲ್ಲಿ ಆ ಸುತ್ತಿನ ಕಂಬ ಪಕ್ಕದವುಗಳ ನಡುವೆ, ಕಾಫಿಗಿಡಗಳ ಮಧ್ಯದ ಸಿಲ್ವರ್ ಓಕ್ ಮರದ ಹಾಗೆ, ಎತ್ತರಕ್ಕೆ ನಿಂತಿತ್ತು. ಕುಲಕರ್ಣಿಯವರು ಖುಷಿಯಾಗಿ ಫೋನ್ ಮಾಡಿ, "ಇದನ್ನ ಮತ್ತೊಮ್ಮೆ ಮಾಡಿ ತೋರಸ್ರಿ, ಮ್ಯಾಲಿನವರ ಜೋಡಿ ನಾ ಮಾತಾಡ್ತೀನಿ" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ದೇವರಮನೆಯಲ್ಲಿ ನಾನು ಆಡಿದ ಮಾತು ಅಷ್ಟರ ಮಟ್ಟಿಗೆ ಅವರ ಮನಸ್ಸಿಗೆ ನಾಟಿದೆಯಲ್ಲ ಎಂದುಕೊಂಡೆ.

ಸರಿ, ಮತ್ತೊಮ್ಮೆ ಮಾಡಿ ತೋರಿಸಬೇಕು. ಆದರೆ ಆ ಸುತ್ತಿನಲ್ಲಿ ಅಂಥದ್ದೇನಿತ್ತು ಎಂಬುದು ಮೊದಲು ಗೊತ್ತಾಗಬೇಕು. ಎಲ್ಲರನ್ನೂ ಕರೆದು ಕೇಳಿದೆ. ಎಷ್ಟು ಪ್ರೀತಿಯಿಂದ ಸಹಕರಿಸಿದರು ಎನ್ನುತ್ತೀರಿ. ಒಬ್ಬ "ಆವಾಗ ಕರೆಂಟ್ ಹೋಗ್ಲಿಲ್ಲ ಸಾರ್" ಎಂದ. ನಾನು ದೊಡ್ಡ ಬ್ಯಾಟರಿ ತರಿಸಿದೆ. ನಯನಾ "ಪದ್ದಕ್ಕನ ಕಾಫಿಪುಡಿ ಮುಗ್ದು ಅಂಗಡಿ ಪುಡಿ ತಂದಿದ್ರು ಸಾರ್, ಅದೂ ಇರಬಹುದು" ಎಂದಳು. ನಾನೇ ಬರುವ ದಾರಿಯಲ್ಲಿ ಆಲ್ದೂರಿನಲ್ಲಿ ಬಸ್ಸಿಳಿದು ಅಂಥದೇ ಅಂಗಡಿ ಪುಡಿ ತಂದುಕೊಟ್ಟೆ. ಸ್ವಂತ ತೋಟದ ಕಾಫಿ ಇರುವ ಮನೆಗೆ ಅಂಗಡಿ ಪುಡಿ ತಂದುಕೊಡುವುದು ಎಂಥ ಅಪರಾಧ ಎಂದು ನನಗೂ ಗೊತ್ತು. ಪದ್ದಕ್ಕ ಪೊಟ್ಟಣವನ್ನು ಎರಡು ಬೆರಳಿನಲ್ಲಿ ಹಿಡಿದು "ಹೌದಾ" ಎಂದರು. ಪ್ರಜ್ವಲ್ ಬಹಳ ಹೊತ್ತು ತಲೆ ಕೆರೆದುಕೊಂಡು, "ಸಾರ್, ಆವಾಗ ಆಫೀಸಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಗಾಳಿ, ಬೆಳಕು, ಎಲ್ಲ ಚೆನ್ನಾಗಿತ್ತು" ಎಂದ. ಸೂಕ್ಷ್ಮವಾದ ಮಾತು ಎನಿಸಿತು. ಮೂಲೆಯಲ್ಲಿದ್ದ ಮುರುಕು ಕುರ್ಚಿಯನ್ನು ಅವತ್ತೇ ಹೊರಗೆ ಹಾಕಿಸಿದೆ. ಅವನು ಅದನ್ನೂ, ನನ್ನನ್ನೂ ನೋಡಿ, "ಆಯ್ತು ಸಾರ್" ಎಂದ.

ಬ್ಯಾಟರಿ ಬಂತು, ಪುಡಿ ಬಂತು, ಕುರ್ಚಿ ಹೋಯಿತು. ಕಂಬ ಮತ್ತೆ ಕುಳ್ಳಾಯಿತು. ನಾನು ಹೆಚ್ಚು ಹೆಚ್ಚು ವಿಚಾರಿಸಿದಷ್ಟೂ ಅದು ಹೆಚ್ಚು ಹೆಚ್ಚು ಕುಗ್ಗಿತು. ಗಂಟೆಗೊಮ್ಮೆ ಕೇಳುತ್ತಿದ್ದವನು ಅರ್ಧ ಗಂಟೆಗೊಮ್ಮೆ ಕೇಳತೊಡಗಿದೆ. ಕೋಲೂರಿಕೊಂಡು ನಡೆಯುತ್ತಿದ್ದುದರಿಂದ ನಾನು ಬರುವುದು ಅವರಿಗೆ ಮೊದಲೇ ಕೇಳಿಸುತ್ತಿತ್ತು, ಟಕ್ ಟಕ್ ಎಂದ ಕೂಡಲೇ ಭುಜಗಳು ಕಿವಿಯ ತನಕ ಏರುತ್ತಿದ್ದವು. ಏಕಾಗ್ರತೆ ಎಂದುಕೊಂಡೆ.

ಇಷ್ಟೆಲ್ಲದರ ನಡುವೆ ನನಗೆ ಸಮಾಧಾನ ಕೊಟ್ಟದ್ದು ಒಂದೇ, ಅವರು ನನ್ನ ಕಾಲಿನ ಮೇಲೆ ಇಟ್ಟಿದ್ದ ಅಕ್ಕರೆ. ದಿನ ಬೆಳಗಾದರೆ "ಕಾಲು ಹೇಗಿದೆ ಸಾರ್?" ವಾಸಿಯಾಗಿದೆ ಎಂದರೆ ಮುಖ ಬಾಡುತ್ತಿತ್ತು. ನೋವಿದೆ ಎಂದರೆ "ಇನ್ನೊಂದ್ ಸ್ವಲ್ಪ ರೆಸ್ಟ್ ತಗೊಳ್ಳಿ ಸಾರ್, ಎಲುಬಿನ ವಿಷಯ" ಎಂದು ಹಿಂದೆ ಬೀಳುತ್ತಿದ್ದರು. ನಯನಾ ತನ್ನ ಅಜ್ಜಿಗೆ ಎಲುಬು ಮುರಿದಾಗ ಅವಸರ ಮಾಡಿ ಎದ್ದು ಆಮೇಲೆ ಪಟ್ಟ ಪಾಡನ್ನು ವಿವರವಾಗಿ ಹೇಳಿದಳು. ಒಂದು ಭಾನುವಾರ ಎಲ್ಲರೂ ಪದ್ದಕ್ಕನನ್ನು ಕರೆದುಕೊಂಡು ಹೊರನಾಡಿನ ದೇವಿಯ ಗುಡಿಗೆ ಹೋಗಿ, ನನ್ನ ಕಾಲಿನ ಹೆಸರಿನಲ್ಲಿ ಹರಕೆ ಹೊತ್ತು, ಪ್ರಸಾದ ತಂದುಕೊಟ್ಟರು. ಬೇಗ ವಾಸಿಯಾಗಲಿ ಎಂದು ಬೇಡಿಕೊಂಡಿರಾ ಎಂದು ಕೇಳಿದೆ. ಪದ್ದಕ್ಕ, "ಅವಸರ ಎಂಥಕ್ಕೆ ಮೇಷ್ಟ್ರೇ, ನಿಧಾನಕ್ಕೆ ಗುಣ ಆಗ್ಲಿ ಅಂತ ಬೇಡ್ಕೊಂಡ್ವಿ" ಎಂದರು. ಇಂಥ ಜನ ಬೆಂಗಳೂರಿನಲ್ಲಿ ಸಿಗುತ್ತಾರೆಯೇ ಎಂದು ಮನೆಗೆ ಬಂದು ಸುಜಾತಾಳ ಹತ್ತಿರ ಹೇಳಿಕೊಂಡೆ. ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತದೆ "ಹೌದಾ" ಎಂದಳು.

ಬೇಸಿಗೆ ಮುಗಿಯುತ್ತ ಬಂತು. ಕುಲಕರ್ಣಿಯವರು ತಾವೇ ಬಂದುಬಿಟ್ಟರು. ಆಫೀಸು ಇಡುವುದೋ ಬಿಡುವುದೋ ಇವತ್ತೇ ತೀರ್ಮಾನ ಎಂದು ಎಲ್ಲರಿಗೂ ಗೊತ್ತಿತ್ತು. ಪದ್ದಕ್ಕ ಬೆಳಿಗ್ಗೆಯೇ ಅಕ್ಕಿರೊಟ್ಟಿ, ಕಾಯಿಚಟ್ನಿ ಕಳಿಸಿ, ತಾವೂ ಮೇಲೆ ಬಂದು ಬಾಗಿಲ ಹತ್ತಿರ ಕೂತಿದ್ದರು. ಕುಲಕರ್ಣಿಯವರು ರೊಟ್ಟಿ ತಿಂದು ಕೈ ತೊಳೆದು, ನನ್ನ ಕಂಬಗಳ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿಸಿ, ಆ ಎತ್ತರದ ಕಂಬದ ಮೇಲೆ ಬೆರಳಿಟ್ಟರು. "ಇದೊಂದ ಯಾಕ ಇಷ್ಟ ಎತ್ತರ ಅದ?"

ನಾನೇ ಟೀಮಿನ ಪರವಾಗಿ ಕರೆಂಟಿನ ವಿಷಯ ಹೇಳಿದೆ. ಕಾಫಿಪುಡಿಯ ವಿಷಯವನ್ನೂ ಹೇಳಿದೆ. ಕುರ್ಚಿಯ ವಿಷಯಕ್ಕೆ ಬರುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದು, "ಅದಿರ್ಲಿ. ಆವಾಗ ನೀವೆಲ್ಲಿದ್ರಿ?" ಎಂದರು.

"ಮನೇಲಿ ಸಾರ್. ಕಾಲು ಮುರ್ಕೊಂಡು ಮಲಗಿದ್ದೆ."

"ಎಷ್ಟ್ ದಿನ?"

"ಆ ಇಡೀ ಸ್ಪ್ರಿಂಟ್ ಸಾರ್."

"ಇದರ ಹಿಂದಿನ ಸುತ್ತಿನೊಳಗ?"

"ಆಫೀಸಲ್ಲೇ ಇದ್ದೆ."

"ಮುಂದಿನದ್ರಾಗ?"

"ಆಗಲೂ ಆಫೀಸಲ್ಲೇ ಇದ್ದೆ ಸಾರ್, ಒಂದು ದಿನ ರಜೆ ಹಾಕಿಲ್ಲ" ಎಂದು ಹೆಮ್ಮೆಯಿಂದ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಲೆಕ್ಕ ನನಗೇ ಹೊಳೆಯಿತು. ಸುತ್ತ ನೋಡಿದೆ. ಹೆಡ್‌ಫೋನಿನ ಇಬ್ಬರು ನೆಲ ನೋಡುತ್ತಿದ್ದರು. ಪ್ರಜ್ವಲ್ ಖಾಲಿ ಲೋಟದಲ್ಲಿ ಕಾಫಿ ಹುಡುಕುತ್ತಿದ್ದ. ನಯನಾಳ ಕಣ್ಣು ತುಂಬಿತ್ತು. ಕುಲಕರ್ಣಿಯವರು ಅವರ ಕಡೆ ತಿರುಗಿ, "ಖರೇ ಹೇಳ್ರಿ. ಇವರು ಇರಲಾರದ್ದಕ್ಕ ಕೆಲಸ ಆತೇನು?" ಎಂದು ಕೇಳಿಯೇಬಿಟ್ಟರು.

ಈಗ ಒಂದು "ಹೌದು" ಎಂದಿದ್ದರೆ ಸಾಕಿತ್ತು. ಮಗುವಿನ ಶಾಲೆ, ತೆಗೆಸಿದ ಪಾಯ, ಎಲ್ಲರ ಅನ್ನ, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ನಯನಾ ಕೈಯೆತ್ತಿದಳು, ದೇವರಮನೆಯಲ್ಲಿ ಎತ್ತಿದ ಹಾಗೆಯೇ. "ಹಾಗೇನಿಲ್ಲ ಸಾರ್. ಕಾಫಿಪುಡಿಯಿಂದಾನೇ ಆಗಿರ್ಬೇಕು" ಎಂದಳು. "ಬಿಸಿಲೂ ಚೆನ್ನಾಗಿತ್ತು ಸಾರ್" ಎಂದ ಪ್ರಜ್ವಲ್. ಹೆಡ್‌ಫೋನಿನವರಲ್ಲೊಬ್ಬ, ಆಫೀಸಿನಲ್ಲಿ ಅವನ ದನಿ ನಾನು ಅಷ್ಟು ಸ್ಪಷ್ಟವಾಗಿ ಕೇಳಿದ್ದೇ ಅವತ್ತು, "ಆನೆನೂ ಬಂದಿರ್ಲಿಲ್ಲ" ಎಂದ.

ನನಗೆ ಏನೆನಿಸಿತು ಎಂದು ನಿಜ ಹೇಳುತ್ತೇನೆ. ಮೊದಲು ಸಿಟ್ಟು ಬಂತು, ಇಷ್ಟು ದಿನ ನನ್ನನ್ನು ಕಾಫಿಪುಡಿಗೆ ಓಡಾಡಿಸಿದರಲ್ಲ ಎಂದು. ಅದರ ಹಿಂದೆಯೇ ನಾಚಿಕೆ ಬಂತು, ಮುಖ ಎಲ್ಲಿಡಲಿ ಎನ್ನುವಷ್ಟು. ಆಮೇಲೆ, ಬೆಂಗಳೂರಿಗೆ ಗಂಟುಮೂಟೆ ಕಟ್ಟಿಕೊಂಡು ಹೋದರೂ ಸರಿ, ನನ್ನ ಎದುರಿಗೆ ನನಗೆ ನೋವಾಗುವ ಮಾತು ಆಡುವುದಿಲ್ಲ ಎಂದು ಕೂತಿದ್ದ ಆ ನಾಲ್ಕು ಜನರ ಮೇಲೆ ಅಕ್ಕರೆ ಬಂತು. ಬೇರೆ ಯಾವ ಊರಿನ ಟೀಮಾದರೂ ನನ್ನನ್ನು ಮೊದಲ ವಾರವೇ ಬಿಟ್ಟುಕೊಡುತ್ತಿತ್ತು. ನಮ್ಮವರು ಹೊರನಾಡಿನ ತನಕ ಹೋಗಿ ದೇವಿಯ ಕಿವಿಯಲ್ಲಿ ಹೇಳಿಕೊಂಡರೇ ಹೊರತು ನನ್ನ ಕಿವಿಯಲ್ಲಿ ಹೇಳಲಿಲ್ಲ.

ಆಗ ಬಾಯಿ ಹಾಕಿದವರು ಬಾಗಿಲ ಹತ್ತಿರ ಕೂತಿದ್ದ ಪದ್ದಕ್ಕ. "ಅಲ್ಲ ಸಾಹೇಬ್ರೇ, ನಮ್ ಮೇಷ್ಟ್ರ ಕಾಲು ಇನ್ನೂ ಸರಿಯಾಗಿಲ್ಲ. ಪಾಪ, ಹಲ್ ಕಚ್ಕೊಂಡು ಮೆಟ್ಲು ಹತ್ತಿ ಬರ್ತಾರೆ. ಮಕ್ಳ ಮೇಲೆ ಅಷ್ಟು ಪ್ರೀತಿ. ಅವ್ರಿಗೆ ಮನೇಲೇ ಕೂತು ಕೆಲ್ಸ ಮಾಡೋ ಹಾಗೆ ಎಂಥದಾದ್ರೂ ಮಾಡಿ ಮಾರಾಯ್ರೆ" ಎಂದರು. ಕೋಲನ್ನು ನಾನು ಬಿಟ್ಟು ಬಹಳ ದಿನವಾಗಿತ್ತು. ಅವತ್ತು ಬೆಳಿಗ್ಗೆ ಎರಡೆರಡು ಮೆಟ್ಟಿಲು ಹಾರಿ ಹತ್ತಿ ಬಂದದ್ದನ್ನು ಪದ್ದಕ್ಕನೇ ನೋಡಿದ್ದರು. ಆದರೆ ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಅಷ್ಟು ಆಸೆಯಿಂದ ಯಾರೂ ನನ್ನ ಕಾಲನ್ನು ನೋಡಿದ್ದಿಲ್ಲ.

ನಾನು ನಿಧಾನವಾಗಿ ಕುರ್ಚಿಯಲ್ಲಿ ಕೂತು, ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, "ಹೌದು ಸಾರ್. ಹೇಳ್ಕೊಂಡಿರ್ಲಿಲ್ಲ. ತುಂಬ ನೋವು" ಎಂದೆ. ಕುಲಕರ್ಣಿಯವರು ನನ್ನನ್ನೂ ಕಾಲನ್ನೂ ಪದ್ದಕ್ಕನನ್ನೂ ನೋಡಿ, ನಗು ತಡೆದುಕೊಂಡು, "ನಿಮ್ಮ ಮಂದಿಗೆ ನಮಸ್ಕಾರ್ರೀಪಾ" ಎಂದು ಕೈ ಮುಗಿದರು. ಸುತ್ತಿನ ಮೊದಲ ದಿನ, ಕೊನೆಯ ದಿನ ಮಾತ್ರ ನಾನು ಆಫೀಸಿಗೆ ಬರುವುದು, ಉಳಿದಂತೆ ಮನೆಯಿಂದಲೇ ಕೆಲಸ ಎಂದು ತೀರ್ಮಾನವಾಯಿತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಯನಾ "ಗೊತ್ತು ಸಾರ್, ಪರವಾಗಿಲ್ಲ" ಎಂದಳು.

ಆಮೇಲಿನ ಕಂಬಗಳೆಲ್ಲ ಸಿಲ್ವರ್ ಓಕುಗಳೇ. ಆಫೀಸು ಉಳಿಯಿತು. ಪ್ರಜ್ವಲನ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಬೆಂಗಳೂರಿನವರು ನನಗೆ ಒಂದು ಪ್ರಶಸ್ತಿ ಪತ್ರವನ್ನೂ ಕಳಿಸಿದ್ದಾರೆ, ಟೀಮಿಗೆ ಸ್ವಾತಂತ್ರ್ಯ ಕೊಟ್ಟು ಮುನ್ನಡೆಸಿದ್ದಕ್ಕಾಗಿ. ನಾನು ಆಫೀಸಿಗೆ ಹೋಗುವ ದಿನಗಳಲ್ಲಿ ಕುಂಟುತ್ತ ಮೆಟ್ಟಿಲು ಹತ್ತುತ್ತೇನೆ. ಒಮ್ಮೆ ಮರೆತು ಬಲಗಾಲಿನಲ್ಲಿ ಕುಂಟಿದೆ. ನಯನಾ ಮೆಲ್ಲಗೆ "ಸಾರ್, ಆ ಕಾಲಲ್ಲ" ಎಂದು ತಿದ್ದಿದಳು.

ಆದರೆ ಮನೆಯಲ್ಲಿ ಕೂತ ಮನುಷ್ಯನಿಗೆ ಕೈಕಟ್ಟಿ ಕೂರಲಾಗುತ್ತದೆಯೇ. ಮುಂದಿನ ಕೋಣೆಯಲ್ಲಿ ಸುಜಾತಾ, ಅವಳ ಜೊತೆ ಹೊಲಿಯುವ ಗಿರಿಜಾ, ಇಬ್ಬರೇ. ಮದುವೆ ಕಾಲ, ಬ್ಲೌಸುಗಳ ರಾಶಿ. ಯಾವುದು ಎಲ್ಲಿಗೆ ಬಂತು ಎಂಬ ಹಿಡಿತವೇ ಇಲ್ಲ. ನಾನು ಗೋಡೆಗೆ ಬಣ್ಣದ ಚೀಟಿ ಅಂಟಿಸಿ, ಕತ್ತರಿಸಬೇಕಾದದ್ದು, ಹೊಲಿಯುತ್ತಿರುವುದು, ಮುಗಿದದ್ದು ಎಂದು ಮೂರು ಸಾಲು ಮಾಡಿಕೊಟ್ಟೆ. ದಿನಾ ಬೆಳಿಗ್ಗೆ ಇಬ್ಬರನ್ನೂ ನಿಲ್ಲಿಸಿ ವಿಚಾರಿಸತೊಡಗಿದೆ. ಗಿರಿಜಾ "ತೋಳು ಒಂದ್ ಬಾಕಿ ಅಣ್ಣ, ತೊಂಬತ್ತು ಪರ್ಸೆಂಟ್ ಆಯ್ತು" ಎಂದಳು. ಯಾರು ಕಲಿಸಿಕೊಟ್ಟರೋ. ಎರಡನೆಯ ವಾರ ಒಬ್ಬ ಮದುಮಗಳ ಬ್ಲೌಸು ಮುಹೂರ್ತದ ಹಿಂದಿನ ಸಂಜೆ ಹೋಗಿ ತಲುಪಿತು. ಅವತ್ತು ಸುಜಾತಾ ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದಳು. ಮರುದಿನ ಬಸ್ಸು ಹತ್ತಿ ಒಬ್ಬಳೇ ಹೊರನಾಡಿಗೆ ಹೋಗಿಬಂದು, ಪ್ರಸಾದ ಕೈಗಿಟ್ಟು, "ರೀ, ನಿಮ್ಮ ಕಾಲು ಬೇಗ ವಾಸಿ ಆಗ್ಲಿ ಅಂತ ಹರಕೆ ಹೊತ್ತಿದೀನಿ" ಎಂದಳು. ಒಂದೇ ಕಾಲಿಗೆ ಒಂದೇ ದೇವಿಯ ಹತ್ತಿರ ಎರಡು ಹರಕೆ, ಒಂದು ನಿಧಾನಕ್ಕೆ, ಒಂದು ಬೇಗಕ್ಕೆ. ತಾಯಿಯಾದರೂ ಏನು ಮಾಡಿಯಾಳು.

ಈಗ ಬೆಳಿಗ್ಗೆ ಸುಜಾತಾಳಿಗೆ ಕಾಲು ವಾಸಿಯಾಗಿದೆ ಎಂದು ಹೇಳಿ ಮನೆ ಬಿಡುತ್ತೇನೆ. ಆಫೀಸಿನವರ ಲೆಕ್ಕದಲ್ಲಿ ಕಾಲು ನೋಯುತ್ತಿರುವುದರಿಂದ ಆಫೀಸನ್ನು ತಲುಪುವುದಿಲ್ಲ. ಇವೆರಡರ ನಡುವೆ ಆಲ್ದೂರು ಇದೆ. ಅಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಒಂದು ಸಣ್ಣ ಬೇಕರಿ. ಬೇಕರಿಯವನು ಒಳ್ಳೆಯ ಮನುಷ್ಯ, ನನ್ನ ಕಾಲಿನ ಕಥೆ ಕೇಳಿದ ಮೇಲೆ ಒಳಗಿನ ಬೆಂಚಿನಲ್ಲಿ ಎಷ್ಟು ಹೊತ್ತು ಕೂತರೂ ಏನೂ ಅನ್ನುವುದಿಲ್ಲ. ಒಲೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಪಫ್ಸ್ ಒಳಗೆ ಹೋದಾಗ, ಬನ್ನಿನ ಹಿಟ್ಟು ಉಬ್ಬುವಾಗ, ಸುಮ್ಮನೆ ಕೂತಿರಲಾರದೆ, ಎಲ್ಲಿಗೆ ಬಂತು ಎಂದು ಆಗೊಮ್ಮೆ ಈಗೊಮ್ಮೆ ವಿಚಾರಿಸುತ್ತೇನೆ, ಅಷ್ಟೇ. ನಿನ್ನೆ ಅವನು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನನ್ನ ಪಕ್ಕ ಕೂತು, ಬಹಳ ಅಕ್ಕರೆಯಿಂದ ಕೇಳಿದ: "ಸಾರ್, ನಿಮ್ ಕಾಲು ಈಗ ಹ್ಯಾಂಗಿದೆ?"